ನ್ಯೂ ಮೆಕ್ಸಿಕೊದ ಮಣ್ಣಿನ ಮನೆಗಳು ಮತ್ತು ಎತ್ತರದ ಮರುಭೂಮಿ: ಅಲ್ಲಿನ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ನೈರುತ್ಯ ಭಾಗದ ನ್ಯೂ ಮೆಕ್ಸಿಕೊ ರಾಜ್ಯಕ್ಕೆ ಹೋಗಿ ಬಂದವರು, ಹೋಗಲಿರುವವರು, ಚಿತ್ರಗಳನ್ನಷ್ಟೇ ನೋಡಿ ಕುತೂಹಲಗೊಂಡವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಅಲ್ಲಿನ ಮಣ್ಣಿನ ಮನೆಗೂ ಸುತ್ತಲಿನ ನೆಲಕ್ಕೂ ಸ್ಪ್ಯಾನಿಷ್, ಮೂಲನಿವಾಸಿಗಳ ಭಾಷೆಗಳು, ಅರಬ್ಬಿ, ಮೆಕ್ಸಿಕೊದ ನಾವಾಟ್ಲ್, ಇಂಗ್ಲಿಷ್ ಎಲ್ಲವೂ ಸೇರಿ ಬೆಳೆಸಿದ ಪದಸಂಪತ್ತು ಇದೆ. ಮನೆ ಮಾರುವವರ ಜಾಹೀರಾತುಗಳಲ್ಲಿ ಈ ಪದಗಳು ಅಲಂಕಾರದ ಪಟ್ಟಿಯಾಗಿಬಿಟ್ಟಿವೆ. ನಿಜದಲ್ಲಿ ಪ್ರತಿ ಪದದ ಹಿಂದೆಯೂ ಒಂದು ಕೆಲಸವಿದೆ: ಭಾರ ಹೊರುವುದು, ಮಳೆನೀರನ್ನು ಗೋಡೆಯಿಂದ ದೂರವಿಡುವುದು, ಕಾಲುವೆಯ ನೀರನ್ನು ಹಂಚುವುದು. ಆ ಕೆಲಸ ತಿಳಿದರೆ ಪದ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ. ಉತ್ತರಗಳನ್ನು ಆ ದಾರಿಯಲ್ಲೇ ಬರೆದಿದ್ದೇನೆ.

ಅಡೋಬಿ ಎಂದರೆ ಮಣ್ಣೋ, ಇಟ್ಟಿಗೆಯೋ, ಮನೆಯೋ?

ಮೂರಕ್ಕೂ ಅದೇ ಹೆಸರು. ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆ ಅಡೋಬಿ, ಅದನ್ನು ಮಾಡುವ ಮಣ್ಣು ಅಡೋಬಿ, ಅದರಿಂದ ಕಟ್ಟಿದ ಮನೆಯೂ ಅಡೋಬಿ. ಬೆಂಕಿಯಲ್ಲಿ ಸುಟ್ಟ ಇಟ್ಟಿಗೆ ಮಾತ್ರ ಈ ಗುಂಪಿಗೆ ಸೇರುವುದಿಲ್ಲ.

ನ್ಯೂ ಮೆಕ್ಸಿಕೊದಲ್ಲಿ ಸಾಮಾನ್ಯವಾಗಿ ಬಳಸುವ ಅಡೋಬಿ 14 ಅಂಗುಲ ಉದ್ದ, 10 ಅಂಗುಲ ಅಗಲ, 4 ಅಂಗುಲ ದಪ್ಪ ಇರುತ್ತದೆ. ತೂಕ ಸುಮಾರು 15 ಕಿಲೊ. ಮಣ್ಣಿನಲ್ಲಿ ಜೇಡಿಗಿಂತ ಮರಳು ಹೆಚ್ಚಿರಬೇಕು. ಜೇಡಿ ಅತಿಯಾದರೆ ಒಣಗುವಾಗ ಬಿರುಕು ಬಿಡುತ್ತದೆ. ಹುಲ್ಲು ಸೇರಿಸಿದರೆ ಇಟ್ಟಿಗೆ ಎಲ್ಲ ಕಡೆ ಸಮವಾಗಿ ಒಣಗುತ್ತದೆ. ಅಚ್ಚಿನಿಂದ ತೆಗೆದ ಇಟ್ಟಿಗೆಯನ್ನು ಮೊದಲು ಮಲಗಿಸಿ, ಸ್ವಲ್ಪ ಗಟ್ಟಿಯಾದ ಮೇಲೆ ಅಂಚಿನ ಮೇಲೆ ನಿಲ್ಲಿಸಿ ಒಣಗಿಸುತ್ತಾರೆ.

ಪದದ ಪ್ರಯಾಣವೂ ದೀರ್ಘವಾದದ್ದು. ಪ್ರಾಚೀನ ಈಜಿಪ್ಟಿನಲ್ಲಿ ಇಟ್ಟಿಗೆಗೆ ಇದ್ದ ಹೆಸರು ಕಾಪ್ಟಿಕ್ ಭಾಷೆಗೆ ಬಂದು, ಅರಬ್ಬಿಯಲ್ಲಿ ‘ಅತ್-ತೂಬ್’ ಆಗಿ, ಅರಬ್ಬರ ಆಳ್ವಿಕೆಯಲ್ಲಿದ್ದ ಸ್ಪೇನಿನಲ್ಲಿ ‘ಅಡೋಬೆ’ಯಾಗಿ, ಅಲ್ಲಿಂದ ಅಟ್ಲಾಂಟಿಕ್ ದಾಟಿತು. ಇದನ್ನು ಕೇಳಿದವರು ಮಣ್ಣಿನ ಮನೆಯೇ ಸ್ಪೇನಿನಿಂದ ಬಂದಿತೆಂದು ತೀರ್ಮಾನಿಸುತ್ತಾರೆ. ಅದು ತಪ್ಪು. ಸ್ಪ್ಯಾನಿಷರು ಬರುವುದಕ್ಕೆ ಶತಮಾನಗಳ ಮೊದಲೇ ಅಲ್ಲಿನ ಮೂಲನಿವಾಸಿಗಳಾದ ಪ್ವೆಬ್ಲೊ ಜನ ಹಸಿಮಣ್ಣನ್ನು ಕೈಯಿಂದ ವರಸೆ ವರಸೆಯಾಗಿ ಏರಿಸಿ ಹಲವು ಅಂತಸ್ತಿನ ಮನೆಗಳನ್ನು ಕಟ್ಟುತ್ತಿದ್ದರು. ಹೊರಗಿನಿಂದ ಬಂದದ್ದು ಮರದ ಅಚ್ಚು ಮತ್ತು ಹೆಸರು. ಗೋಡೆ ಅಲ್ಲಿಯದೇ.

‘ಪ್ವೆಬ್ಲೊ’ ಎಂದರೆ ಊರೋ, ಜನಾಂಗವೋ, ಕಟ್ಟಡದ ಶೈಲಿಯೋ?

ಸ್ಪ್ಯಾನಿಷಿನಲ್ಲಿ ಅದರ ಅರ್ಥ ಊರು ಎಂದಷ್ಟೇ. ಒತ್ತಾಗಿ ಕಟ್ಟಿದ ಮನೆಗಳ ಊರುಗಳನ್ನು ಕಂಡ ಸ್ಪ್ಯಾನಿಷರು ಅಲ್ಲಿನ ಜನರನ್ನೂ ಅದೇ ಹೆಸರಿನಿಂದ ಕರೆದರು. ಇಂದು ನ್ಯೂ ಮೆಕ್ಸಿಕೊದಲ್ಲಿ 19 ಪ್ವೆಬ್ಲೊಗಳಿವೆ. ಒಂದೊಂದಕ್ಕೂ ಸ್ವಂತ ಆಡಳಿತವಿದೆ. ಅವರೆಲ್ಲರ ಭಾಷೆ ಒಂದೇ ಅಲ್ಲ: ಟೇವಾ, ಟೀವಾ, ಟೋವಾ, ಕೆರೆಸ್, ಜೂನಿ ಎಂದು ಬೇರೆ ಬೇರೆ ಇವೆ.

ಎಲ್ಲಕ್ಕಿಂತ ಹೆಸರಾದದ್ದು ಟಾವೊಸ್ ಪ್ವೆಬ್ಲೊ. ಅದು 1992ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಹಳೆಯ ಮನೆಗಳ ನೆಲ ಅಂತಸ್ತಿಗೆ ಮೊದಲು ಬಾಗಿಲುಗಳಿರಲಿಲ್ಲ. ಏಣಿ ಹತ್ತಿ ಮಾಳಿಗೆಗೆ ಹೋಗಿ, ಅಲ್ಲಿಂದ ಒಳಗೆ ಇಳಿಯಬೇಕಿತ್ತು. ಅಪಾಯ ಬಂದಾಗ ಏಣಿಯನ್ನು ಮೇಲೆಳೆದುಕೊಂಡರೆ ಸಾಕಾಗುತ್ತಿತ್ತು. ಇಂದಿಗೂ ಆ ಹಳೆಯ ಭಾಗಕ್ಕೆ ವಿದ್ಯುತ್ತನ್ನಾಗಲಿ ನಲ್ಲಿ ನೀರನ್ನಾಗಲಿ ತಂದಿಲ್ಲ.

ಹಸಿಮಣ್ಣಿನ ಗೋಡೆ ಮಳೆಗೆ ಕರಗುವುದಿಲ್ಲವೇ?

ಕರಗುತ್ತದೆ. ಆದ್ದರಿಂದಲೇ ಅದನ್ನು ನೋಡಿಕೊಳ್ಳಬೇಕು. ರಾಜ್ಯದ ರಾಜಧಾನಿ ಸಾಂಟಾ ಫೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 350 ಮಿಲಿಮೀಟರ್ ಮಾತ್ರ. ಆದರೆ ಬಿದ್ದಾಗ ಬಿರುಸಾಗಿ ಬೀಳುತ್ತದೆ, ಚಳಿಗಾಲದಲ್ಲಿ ಹಿಮವೂ ಇದೆ. ಗೋಡೆಯ ಮೇಲಿನ ಮಣ್ಣಿನ ಗಿಲಾವು ಸವೆಯಲೆಂದೇ ಇರುವ ಪದರ. ಅದು ಸವೆದರೆ ಒಳಗಿನ ಇಟ್ಟಿಗೆ ಉಳಿಯುತ್ತದೆ, ಮತ್ತೆ ಬಳಿದರೆ ಗೋಡೆ ಹೊಸದಾಗುತ್ತದೆ.

ಹೀಗೆ ಬಳಿಯುವ ಕೆಲಸಕ್ಕೆ ‘ಎನ್‌ಹಾರ್ರೆ’ ಎಂದು ಹೆಸರು, ಬಳಿಯುವ ಹೆಂಗಸರು ‘ಎನ್‌ಹಾರ್ರಾದೋರಾ’ಗಳು. ಗೋಡೆ ಎಬ್ಬಿಸುವುದು ಗಂಡಸರ ಕೆಲಸ, ಗಿಲಾವು, ಒಲೆಗೂಡು, ನೆಲದ ಸಾರಣೆ ಹೆಂಗಸರ ಕೆಲಸ ಎಂಬ ಹಂಚಿಕೆ ಅಲ್ಲಿನ ಹಳ್ಳಿಗಳಲ್ಲಿತ್ತು. ಅಡೋಬಿ ಮನೆಗಳ ಚಿತ್ರಗಳಲ್ಲಿ ನಾವು ಮೆಚ್ಚುವ ಆ ಮೃದುವಾದ ಮೂಲೆಗಳು, ಬೆರಳಾಡಿಸಿದಂತಿರುವ ಅಂಚುಗಳು ಅವರ ಅಂಗೈಯ ಗುರುತುಗಳು. ವಾಸ್ತುಶಿಲ್ಪಿಗಳ ಹೆಸರನ್ನು ಊರೆಲ್ಲ ಹೇಳುವವರು ಎನ್‌ಹಾರ್ರಾದೋರಾ ಎಂಬ ಪದವನ್ನೂ ಹೇಳಬೇಕು ಎಂಬುದು ನನ್ನ ಆಗ್ರಹ.

ಸಿಮೆಂಟ್ ಬಳಿದುಬಿಟ್ಟರೆ ಪ್ರತಿವರ್ಷದ ಕೆಲಸ ತಪ್ಪುತ್ತದಲ್ಲ ಎಂದು ಕೇಳುವವರಿಗೆ ರಾಂಚೋಸ್ ಡಿ ಟಾವೊಸ್ ಊರಿನ ಸಾನ್ ಫ್ರಾನ್ಸಿಸ್ಕೊ ಡಿ ಅಸಿಸ್ ಚರ್ಚ್ ಉತ್ತರ ಹೇಳುತ್ತದೆ. 19ನೆಯ ಶತಮಾನದ ಆರಂಭದಲ್ಲಿ ಪೂರ್ಣಗೊಂಡ ಈ ಕಟ್ಟಡದ ಹಿಂಭಾಗದ ದಪ್ಪ ಆಸರೆಗೋಡೆಗಳನ್ನು ಜಾರ್ಜಿಯಾ ಓಕೀಫ್ ಚಿತ್ರಿಸಿದರು, ಆ್ಯನ್ಸೆಲ್ ಆ್ಯಡಮ್ಸ್ ಛಾಯಾಚಿತ್ರದಲ್ಲಿ ಸೆರೆಹಿಡಿದರು. 1967ರಲ್ಲಿ ಅದಕ್ಕೆ ಸಿಮೆಂಟಿನ ಗಿಲಾವು ಮಾಡಿದರು. ಸಿಮೆಂಟಿನ ಬಿರುಕುಗಳಿಂದ ಒಳಗಿಳಿದ ನೀರಿಗೆ ಹೊರಬರುವ ದಾರಿ ಇಲ್ಲವಾಯಿತು. ಹೊರಗಿನಿಂದ ಗಟ್ಟಿಯಾಗಿ ಕಾಣುತ್ತಿದ್ದ ಗೋಡೆ ಒಳಗೆ ಕೆಸರಾಗತೊಡಗಿತು. 1979ರಲ್ಲಿ ಸಿಮೆಂಟನ್ನೆಲ್ಲ ಕಿತ್ತು ಮತ್ತೆ ಮಣ್ಣಿಗೇ ಮರಳಿದರು. ಈಗ ಪ್ರತಿವರ್ಷ ಬೇಸಿಗೆಯಲ್ಲಿ ಊರಿನವರೇ ಸೇರಿ ಮಣ್ಣು ಕಲಸಿ ಚರ್ಚಿಗೆ ಬಳಿಯುತ್ತಾರೆ. ಮಣ್ಣಿನ ಗೋಡೆ ಉಸಿರಾಡಬೇಕು ಎಂದು ಹಳಬರು ಹೇಳುವುದರ ಅರ್ಥ ಇಷ್ಟೇ: ಒಳಗೆ ಹೋದ ತೇವ ಆವಿಯಾಗಿ ಹೊರಗೆ ಬರಬೇಕು.

ಗೋಡೆ ಮೊದಲು ಸವೆಯುವುದು ಬುಡದಲ್ಲಿ. ನೆಲದಿಂದ ಮೇಲೇರುವ ತೇವ, ಮಾಳಿಗೆಯಿಂದ ಬಿದ್ದು ಚಿಮ್ಮುವ ನೀರು, ಬುಡದಲ್ಲಿ ಕುಳಿತ ಹಿಮ ಮೂರೂ ಅಲ್ಲೇ ಕೆಲಸ ಮಾಡುತ್ತವೆ. ಹಳೆಯ ಮನೆ ಕೊಳ್ಳಲು ಹೋದವರು ಮೊದಲು ಅಲ್ಲಿ ಬಗ್ಗಿ ನೋಡುವುದು ಒಳ್ಳೆಯದು.

ವೀಗಾ, ಲತಿಯಾ, ಸಪಾಟಾ ಇವುಗಳಲ್ಲಿ ಯಾವುದು ಯಾವುದು?

ಬಯಲುಸೀಮೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೀಗಾ ಎಂದರೆ ತೊಲೆ, ಸಿಪ್ಪೆ ತೆಗೆದ ಇಡೀ ಮರದ ದುಂಡು ದಿಮ್ಮಿ. ಲತಿಯಾ ಎಂದರೆ ತೊಲೆಗಳ ಮೇಲೆ ಅಡ್ಡಕ್ಕೆ ಒತ್ತಾಗಿ ಜೋಡಿಸುವ ಸಣ್ಣ ಗಳುಗಳು, ಅಂದರೆ ಜಂತೆ. ಗಳುಗಳ ಬದಲು ಮರವನ್ನು ಸೀಳಿ ಹಾಕಿದರೆ ಅದಕ್ಕೆ ‘ರಾಹಾ’ ಎನ್ನುತ್ತಾರೆ. ಕಂಬದ ತಲೆಯ ಮೇಲೆ ಕೂತು ತೊಲೆಯ ಭಾರ ಹಂಚುವ ಕೆತ್ತನೆಯ ಮರ ಸಪಾಟಾ, ನಮ್ಮ ಬೋದಿಗೆ. ಇವೆಲ್ಲದರ ಮೇಲೆ ಹುಲ್ಲೋ ಪೊದೆಯ ಕಡ್ಡಿಯೋ ಹರಡಿ ಮಣ್ಣು ತುಂಬಿ ಮಾಳಿಗೆ ಮಾಡುತ್ತಿದ್ದರು.

ಕೋಣೆ ಎಷ್ಟು ಅಗಲ ಇರಬೇಕೆಂದು ನಿರ್ಧರಿಸುತ್ತಿದ್ದುದು ಮರ. ಸಿಕ್ಕ ದಿಮ್ಮಿ ಎಷ್ಟು ದೂರ ದಾಟಬಲ್ಲದೋ ಕೋಣೆ ಅಷ್ಟೇ ಅಗಲ. ಜಾಗ ಹೆಚ್ಚು ಬೇಕಾದರೆ ಉದ್ದಕ್ಕೆ ಬೆಳೆಸಬೇಕು. ಹಳೆಯ ಮನೆಗಳು ಒಂದರ ಪಕ್ಕ ಒಂದು ಕೋಣೆಯಾಗಿ ಉದ್ದಕ್ಕೆ ಸಾಗುವುದು ಇದರಿಂದಲೇ. ದೊಡ್ಡ ಮರ ಬೇಕಾದಾಗ ದೂರ ಹೋಗಬೇಕಿತ್ತು. 17ನೆಯ ಶತಮಾನದಲ್ಲಿ ಆಕೊಮಾ ಪ್ವೆಬ್ಲೊದ ಸಾನ್ ಎಸ್ತೇಬಾನ್ ಚರ್ಚಿಗೆ ಬೇಕಾದ ತೊಲೆಗಳನ್ನು ಹತ್ತಾರು ಮೈಲಿ ದೂರದ ಮೌಂಟ್ ಟೇಲರ್ ಬೆಟ್ಟದಿಂದ ತಂದು, 360 ಅಡಿಗೂ ಎತ್ತರದ ಬಂಡೆಯ ಮೇಲಿನ ಊರಿಗೆ ಏರಿಸಿದರು. ಆ ದಿಮ್ಮಿಗಳನ್ನು ಹೊತ್ತವರು ಮಿಷನರಿಗಳ ಅಧೀನದಲ್ಲಿ ದುಡಿಯಬೇಕಾಗಿದ್ದ ಆಕೊಮಾದ ಜನ. ತೊಲೆಯನ್ನು ನೋಡುವಾಗ ಅದು ನೆನಪಿರಬೇಕು.

ಗೋಡೆಯಿಂದ ಹೊರಚಾಚಿದ ಮರದ ದೋಣಿಗಳು ಏನು?

ಕನಾಲೆಸ್. ಮಾಳಿಗೆಯ ಸುತ್ತಲಿನ ಕೈಪಿಡಿಗೋಡೆಯ ನಡುವೆ ತೂರಿಸಿ, ಮಳೆನೀರು ಗೋಡೆಗೆ ತಾಗದಂತೆ ದೂರಕ್ಕೆ ಬೀಳಿಸುವ ದೋಣಿ. ಮಾಳಿಗೆ ಸಮತಟ್ಟಾಗಿ ಕಂಡರೂ ಕನಾಲೆಸ್ ಇರುವ ಕಡೆಗೆ ಸ್ವಲ್ಪ ಇಳಿಜಾರು ಇರುತ್ತದೆ. ದೋಣಿ ಕಟ್ಟಿಕೊಂಡರೆ ನೀರು ಮಾಳಿಗೆಯ ಮೇಲೆ ನಿಂತು ಗೋಡೆಯ ಒಳಗೆ ಇಳಿಯುತ್ತದೆ.

‘ಕೀವಾ ಒಲೆ’ ಎನ್ನುವುದು ಸರಿಯೇ?

ಮೂಲೆಯಲ್ಲಿರುವ, ಜೇನುಗೂಡಿನ ಆಕಾರದ ಮಣ್ಣಿನ ಬೆಂಕಿಗೂಡನ್ನು ಹೊಟೇಲುಗಳೂ ಜಾಹೀರಾತುಗಳೂ ಹೀಗೆ ಕರೆಯುತ್ತವೆ. ನಾನು ಹಾಗೆ ಕರೆಯುವುದಿಲ್ಲ. ಕೀವಾ ಹೋಪಿ ಭಾಷೆಯ ಪದ. ಪ್ವೆಬ್ಲೊ ಜನ ತಮ್ಮ ಧಾರ್ಮಿಕ ಆಚರಣೆಗಳಿಗೂ ಸಭೆಗಳಿಗೂ ಸೇರುವ, ಹಲವು ಕಡೆ ನೆಲದೊಳಗೆ ಕಟ್ಟಿದ, ಏಣಿಯಿಂದ ಇಳಿಯುವ ಪವಿತ್ರ ಕೋಣೆ ಅದು. ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲ. ಅಂಥ ಹೆಸರನ್ನು ಬೈಠಕ್ ಖಾನೆಯ ಮೂಲೆಗೆ ಅಂಟಿಸಿ ಮನೆಯ ಬೆಲೆ ಏರಿಸುವುದು ಸರಿಯಲ್ಲ. ಆ ಬೆಂಕಿಗೂಡಿಗೆ ಅಲ್ಲಿನ ಸ್ಪ್ಯಾನಿಷಿನಲ್ಲೇ ‘ಫೋಗೋನ್’ ಎಂಬ ಒಳ್ಳೆಯ ಹೆಸರಿದೆ.

ಫೋಗೋನ್ ಕೆಲಸ ಮಾಡುವ ಬಗೆ ಸೊಗಸಾಗಿದೆ. ಬಾಯಿ ಚಿಕ್ಕದು, ಒಳಗು ಆಳವಲ್ಲ. ಕಟ್ಟಿಗೆಯನ್ನು ಮಲಗಿಸದೆ ಹಿಂಗೋಡೆಗೆ ಒರಗಿಸಿ ನಿಲ್ಲಿಸುತ್ತಾರೆ. ಜ್ವಾಲೆ ನೇರ ಮೇಲೇರಿ, ಹಿಂದಿನ ಮಣ್ಣು ಕಾದು, ಬಿಸಿಯನ್ನು ಕೋಣೆಯ ಕಡೆಗೆ ಎಸೆಯುತ್ತದೆ. ಅದರ ಪಕ್ಕದಲ್ಲಿ ಗೋಡೆಗೆ ಸೇರಿಸಿ ಕಟ್ಟಿದ ಮಣ್ಣಿನ ಜಗಲಿಗೆ ‘ಬಾಂಕೊ’ ಎಂದೂ ಗೋಡೆಯಲ್ಲಿ ಸಂತರ ಮೂರ್ತಿ ಇಡುವ ಗೂಡಿಗೆ ‘ನಿಚೊ’ ಎಂದೂ ಹೆಸರು.

ಅಂಗಳದಲ್ಲಿರುವ ಗುಮ್ಮಟದಂಥ ಒಲೆ?

ಅದು ‘ಒರ್ನೊ’. ಬರೆಯುವಾಗ ಮೊದಲಿಗೆ ಹಕಾರ ಇದೆ, ಉಚ್ಚಾರದಲ್ಲಿ ಇಲ್ಲ. ಸ್ಪೇನಿನಿಂದ ಗೋಧಿಯ ಜೊತೆಗೇ ಬಂದ ಒಲೆ. ಈಗ ಪ್ವೆಬ್ಲೊ ಮನೆಗಳ ಅಂಗಳದಿಂದ ಅದನ್ನು ಬೇರ್ಪಡಿಸಿ ಊಹಿಸಲಾಗದು. ಒಳಗೇ ಕಟ್ಟಿಗೆ ಉರಿಸಿ, ಮಣ್ಣು ಚೆನ್ನಾಗಿ ಕಾದ ಮೇಲೆ ಕೆಂಡ ಬೂದಿಗಳನ್ನು ಎಳೆದು ಹೊರಹಾಕಿ, ಹಿಟ್ಟಿನ ಉಂಡೆಗಳನ್ನಿಟ್ಟು ಬಾಯಿ ಮುಚ್ಚುತ್ತಾರೆ. ಗೋಡೆಯಲ್ಲಿ ಉಳಿದ ಬಿಸಿಯಲ್ಲೇ ರೊಟ್ಟಿ ಬೇಯುತ್ತದೆ. ಮುಸುಕಿನ ಜೋಳದ ತೆನೆಗಳನ್ನು ರಾತ್ರಿಯಿಡೀ ಇದರೊಳಗೆ ಹಬೆಯಲ್ಲಿ ಬೇಯಿಸಿ, ಆಮೇಲೆ ಒಣಗಿಸಿ, ‘ಚೀಕೊಸ್’ ಎಂಬ ಹೆಸರಿನಲ್ಲಿ ಚಳಿಗಾಲಕ್ಕೆ ಇಟ್ಟುಕೊಳ್ಳುವುದೂ ಉಂಟು.

ಪೋರ್ಟಾಲ್, ಸಗ್ವಾನ್, ಪ್ಲಸೀಟಾ?

ಪೋರ್ಟಾಲ್ ಎಂದರೆ ಕಂಬಗಳ ಪಡಸಾಲೆ. ಪ್ಲಸೀಟಾ ಎಂದರೆ ಸುತ್ತ ಕೋಣೆಗಳಿರುವ ಒಳಂಗಳ. ಸಗ್ವಾನ್ ಎಂದರೆ ಬೀದಿಯಿಂದ ಆ ಅಂಗಳಕ್ಕೆ ಗಾಡಿ ಹೋಗುವಷ್ಟು ಅಗಲದ, ಮೇಲೆ ಮಾಳಿಗೆ ಇರುವ ಹಾದಿ.

ಸಾಂಟಾ ಫೆಯಲ್ಲಿ ಕಾಣುವುದೆಲ್ಲ ನಿಜವಾದ ಅಡೋಬಿಯೇ?

ಅಲ್ಲ. ಪೇಟೆಯ ಬಹಳಷ್ಟು ಕಟ್ಟಡಗಳು ಮರದ ಚೌಕಟ್ಟು ಅಥವಾ ಕಾಂಕ್ರೀಟ್ ಇಟ್ಟಿಗೆಯವು. ಮೇಲೆ ಮಣ್ಣಿನ ಬಣ್ಣದ ಸಿಮೆಂಟ್ ಗಿಲಾವು. ಇದರ ಹಿಂದೆ ಒಂದು ಇತಿಹಾಸವಿದೆ.

1846ರಲ್ಲಿ ಅಮೆರಿಕದ ಸೈನ್ಯ ಬಂದ ಮೇಲೆ ಗರಗಸದ ಮರ, ಗಾಜು, ಸುಟ್ಟ ಇಟ್ಟಿಗೆ ಬಳಕೆಗೆ ಬಂದವು. ಕೈಪಿಡಿಗೋಡೆಯ ನೆತ್ತಿಗೆ ಇಟ್ಟಿಗೆಯ ಸಾಲು, ಕಿಟಕಿಗಳಿಗೆ ಬಿಳಿ ಬಣ್ಣದ ಮರದ ಚೌಕಟ್ಟು ಸೇರಿದ ಆ ಬಗೆಗೆ ‘ಟೆರಿಟೋರಿಯಲ್’ ಎನ್ನುತ್ತಾರೆ. ನನಗೆ ಇದರ ಮೇಲೆ ಗೌರವವಿದೆ, ಏಕೆಂದರೆ ಆ ಇಟ್ಟಿಗೆಯ ಸಾಲು ಮಳೆಯನ್ನು ನಿಜವಾಗಿಯೂ ತಡೆಯುತ್ತದೆ. 1880ರಲ್ಲಿ ರೈಲು ಬಂದ ಮೇಲೆ ಊರು ಅಮೆರಿಕದ ಬೇರೆ ಊರುಗಳಂತೆ ಕಾಣತೊಡಗಿತು. 1912ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯವಾದ ವರ್ಷವೇ ನಗರದ ಯೋಜನೆಯೊಂದು ಹಳೆಯ ರೂಪಕ್ಕೆ ಮರಳುವ ಮಾತಾಡಿತು. 1917ರಲ್ಲಿ ತೆರೆದ ಕಲಾ ವಸ್ತುಸಂಗ್ರಹಾಲಯ ‘ಪ್ವೆಬ್ಲೊ ರಿವೈವಲ್’ ಶೈಲಿಗೆ ಮಾದರಿಯಾಯಿತು. ಮುಂದೆ ವಾಸ್ತುಶಿಲ್ಪಿ ಜಾನ್ ಗಾ ಮೀಮ್ ಅದನ್ನು ಬೆಳೆಸಿದರು. 1957ರ ನಗರ ಕಾಯಿದೆ ಹಳೆಯ ಪೇಟೆಯಲ್ಲಿ ಆ ಶೈಲಿಗಳನ್ನೇ ಕಡ್ಡಾಯ ಮಾಡಿತು.

ಕಾಯಿದೆ ಕಾಪಾಡಿದ್ದು ರೂಪವನ್ನು. ಒಳಗೆ ಮಣ್ಣೇ ಇರಬೇಕೆಂದು ಅದು ಕೇಳಲಿಲ್ಲ. ಆದ್ದರಿಂದ ಏನನ್ನೂ ಹೊರದ ವೀಗಾ ತುಂಡುಗಳನ್ನು ಗೋಡೆಗೆ ಅಂಟಿಸಿದ ಕಟ್ಟಡಗಳು ಬಂದವು. 1610ರ ಹೊತ್ತಿಗೆ ಆರಂಭವಾದ ಗವರ್ನರುಗಳ ಅರಮನೆಯ ಮುಂದಿನ ಪೋರ್ಟಾಲ್ ಕೂಡ ಈಗಿನ ರೂಪಕ್ಕೆ ಬಂದದ್ದು 1913ರಲ್ಲಿ, ಅಲ್ಲಿದ್ದ ವಿಕ್ಟೋರಿಯನ್ ಪಡಸಾಲೆಯನ್ನು ತೆಗೆದ ಮೇಲೆ. ಇಷ್ಟಾದರೂ ಎಲ್ಲವನ್ನೂ ನಕಲಿ ಎಂದು ತಳ್ಳುವುದು ಅನ್ಯಾಯ: ಮೀಮ್ ವಿನ್ಯಾಸಗೊಳಿಸಿದ ಕ್ರಿಸ್ತೊ ರೇ ಚರ್ಚಿಗೆ 1939ರಲ್ಲಿ ಆ ಸ್ಥಳದ ಮಣ್ಣಿನಿಂದಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಅಡೋಬಿಗಳನ್ನು ಊರವರೇ ಮಾಡಿದರು.

ನಿಜವಾದ ಅಡೋಬಿಯನ್ನು ಗುರುತಿಸಬೇಕೆಂದರೆ ಕಿಟಕಿಯ ಆಳ ನೋಡಿ. ದಪ್ಪ ಗೋಡೆಯಲ್ಲಿ ಕಿಟಕಿಯ ಮುಂದೆ ಒಬ್ಬರು ಕೂರುವಷ್ಟು ಜಾಗವಿರುತ್ತದೆ.

ಮಣ್ಣಿನ ಗೋಡೆ ನಿಜವಾಗಿಯೂ ತಂಪೇ?

ಮಣ್ಣು ಬಿಸಿಯನ್ನು ತಡೆಯುವುದಕ್ಕಿಂತ ತಡಮಾಡುತ್ತದೆ. ಹಗಲಿನ ಬಿಸಿ ದಪ್ಪ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ, ಆಗ ಬಿಸಿ ಬೇಕೂ ಆಗಿರುತ್ತದೆ. ಸಾಂಟಾ ಫೆ ಇರುವುದು ಸುಮಾರು 7,000 ಅಡಿ ಎತ್ತರದಲ್ಲಿ. ಹಗಲು ಉರಿ, ರಾತ್ರಿ ಚಳಿ. ಹಗಲಿಗೂ ರಾತ್ರಿಗೂ ಇಂಥ ಅಂತರ ಇರುವ ಕಡೆ ಈ ಗುಣ ಫಲ ಕೊಡುತ್ತದೆ. ಹಲವು ದಿನ ಬಿಡದೆ ಚಳಿ ಕುಳಿತರೆ ಗೋಡೆ ತಾನೇ ತಣ್ಣಗಾಗುತ್ತದೆ, ಫೋಗೋನ್ ಹಚ್ಚಲೇಬೇಕು.

ಅಡೋಬಿಯಲ್ಲಿ ಗುಮ್ಮಟ, ಕಮಾನು ಕಟ್ಟುವುದಿಲ್ಲವೇ?

ನ್ಯೂ ಮೆಕ್ಸಿಕೊದ ಹಳೆಯ ರೂಢಿಯಲ್ಲಿ ಮರದ ಮಾಳಿಗೆಯೇ ಹೆಚ್ಚು. ಆದರೆ ಅಬಿಕ್ಯೂ ಊರಿನ ಹತ್ತಿರ ದಾರ್ ಅಲ್ ಇಸ್ಲಾಮ್ ಎಂಬ ಮಸೀದಿ ಇದೆ. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತಿ ಅದನ್ನು ವಿನ್ಯಾಸಗೊಳಿಸಿ, 1980ರ ಹೊತ್ತಿಗೆ ನ್ಯೂಬಿಯಾದ ಕಟ್ಟಡ ಕೆಲಸಗಾರರೊಂದಿಗೆ ಅಲ್ಲಿಗೆ ಬಂದರು. ಕೆಳಗೆ ಮರದ ಆಸರೆಯಿಲ್ಲದೆ ಇಟ್ಟಿಗೆಗಳನ್ನು ಓರೆಯಾಗಿ ಒರಗಿಸುತ್ತ ಕಮಾನು ಮುಚ್ಚುವ ವಿದ್ಯೆಯನ್ನು ಅವರು ಸ್ಥಳೀಯರಿಗೆ ತೋರಿಸಿದರು. ‘ತೂಬ್’ ಎಂಬ ಪದ ಹೊರಟ ನಾಡಿನವರೇ ಅದು ತಲುಪಿದ ನಾಡಿಗೆ ಬಂದು ಮಣ್ಣು ಮುಟ್ಟಿದ ಈ ಸಂಗತಿ ನನಗೆ ಬಹಳ ಪ್ರಿಯವಾದದ್ದು.

ಮೇಸಾ, ಬ್ಯೂಟ್, ಸೆರ್ರೊ: ವ್ಯತ್ಯಾಸವೇನು?

ಮೇಸಾ ಎಂದರೆ ನೆತ್ತಿ ಚಪ್ಪಟೆ, ಬದಿ ಕಡಿದಾದ ಗುಡ್ಡ. ಮೇಲೆ ಗಟ್ಟಿ ಕಲ್ಲಿನ ಹಾಸು, ಕೆಳಗೆ ಮೆದು ಪದರಗಳು. ಅಂಚಿನಿಂದ ಸವೆಯುತ್ತ ಸವೆಯುತ್ತ ಮೇಸಾ ಕಿರಿದಾಗುತ್ತದೆ. ಅಗಲಕ್ಕಿಂತ ಎತ್ತರವೇ ಎದ್ದು ಕಾಣುವಷ್ಟು ಕಿರಿದಾದಾಗ ಅದು ಬ್ಯೂಟ್. ಆ ಪದ ಫ್ರೆಂಚಿನದು. ಸೆರ್ರೊ ಯಾವ ಬೆಟ್ಟಕ್ಕೂ ಹೇಳಬಹುದಾದ ಮಾತು. ಓಕೀಫ್ ಮತ್ತೆ ಮತ್ತೆ ಚಿತ್ರಿಸಿದ ಸೆರ್ರೊ ಪೆಡೆರ್ನಾಲ್ ಹೆಸರಿನಲ್ಲಿ ಸೆರ್ರೊ, ಆಕಾರದಲ್ಲಿ ಕಿರಿದಾದ ಮೇಸಾ. ಪೆಡೆರ್ನಾಲ್ ಎಂದರೆ ಚಕಮಕಿ ಕಲ್ಲು. ಅಲ್ಲಿಂದ ಮೂಲನಿವಾಸಿಗಳು ಬಾಣದ ಮೊನೆಗಳಿಗೆ ಕಲ್ಲು ತರುತ್ತಿದ್ದರು. ಹೆಪ್ಪುಗಟ್ಟಿದ ಲಾವಾ ಹರಡಿ ಕಾಲಿಡಲಾಗದಂತಿರುವ ನೆಲ ‘ಮಾಲ್‌ಪಾಯಿಸ್’, ಕೆಟ್ಟ ನಾಡು. ದನ ಓಡಿಸಿಕೊಂಡು ಹೋಗುವವರಿಗೆ ಅದು ಅಕ್ಷರಶಃ ನಿಜವಾಗಿತ್ತು.

ಅರೋಯೊ ಒಣಗಿಯೇ ಇದೆಯಲ್ಲ, ಅಲ್ಲಿ ಡೇರೆ ಹಾಕಬಹುದೇ?

ಖಂಡಿತ ಬೇಡ. ಅರೋಯೊ ಎಂದರೆ ವರ್ಷದ ಹೆಚ್ಚಿನ ದಿನ ಮರಳಷ್ಟೇ ಇರುವ ಹಳ್ಳ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯೂ ಮುಂಗಾರು ಎಂದೇ ಕರೆಯುವ ಮಳೆಗಾಲವಿದೆ. ಮಧ್ಯಾಹ್ನದ ಗುಡುಗುಮಳೆ ಎಲ್ಲೋ ಮೈಲಿಗಳಾಚೆ ಬೆಟ್ಟದಲ್ಲಿ ಸುರಿದು, ನಿಮ್ಮ ತಲೆಯ ಮೇಲೆ ಆಕಾಶ ತಿಳಿಯಾಗಿರುವಾಗಲೇ ಹಳ್ಳದಲ್ಲಿ ನೀರು ನುಗ್ಗಿ ಬರುತ್ತದೆ. ಇನ್ನು ಕೆಲವು ದಿನ ಮೋಡದಿಂದ ಮಳೆಯ ಎಳೆಗಳು ಇಳಿಯುವುದು ಕಾಣುತ್ತದೆ, ನೆಲ ಮುಟ್ಟುವ ಮೊದಲೇ ಒಣ ಗಾಳಿಯಲ್ಲಿ ಆವಿಯಾಗುತ್ತದೆ. ಅದಕ್ಕೆ ‘ವಿರ್ಗಾ’ ಎಂದು ಹೆಸರು.

ರಿಯೊ ಗ್ರಾಂಡೆ ನದಿಯ ಇಕ್ಕೆಲಗಳ ಕಾಟನ್‌ವುಡ್ ಮರಗಳ ಹಸಿರು ಪಟ್ಟಿ ‘ಬೋಸ್ಕೆ’. ಆ ಮರಕ್ಕೆ ಸ್ಪ್ಯಾನಿಷಿನಲ್ಲಿ ಆಲಮೊ. ಲಾಸ್ ಅಲಮೋಸ್ ಊರಿನ ಹೆಸರು ಅದರದೇ.

ಅಸೇಕಿಯಾ ಬರೀ ಕಾಲುವೆಯೇ?

ಕಾಲುವೆಯೂ ಹೌದು, ಅದನ್ನು ನಡೆಸುವ ಜನರ ಕೂಟವೂ ಹೌದು. ಮೂಲ ಅರಬ್ಬಿಯ ‘ಅಸ್-ಸಾಕಿಯಾ’. ಹೊಳೆಗೆ ಅಡ್ಡ ಹಾಕಿದ ಸಣ್ಣ ಕಟ್ಟೆ ‘ಪ್ರೇಸಾ’, ಅಲ್ಲಿಂದ ಹೊರಡುವ ಮುಖ್ಯ ಕಾಲುವೆ ‘ಅಸೇಕಿಯಾ ಮಾದ್ರೆ’, ಅಂದರೆ ತಾಯಿ ಕಾಲುವೆ. ಹೊಲಕ್ಕೆ ನೀರು ಬಿಡುವ ತೂಬು ‘ಕೊಂಪುವೆರ್ತಾ’. ನೀರಿನ ಹಕ್ಕುಳ್ಳ ರೈತರು ‘ಪಾರ್ಸಿಯಾಂತೆ’ಗಳು. ಅವರು ಆರಿಸಿದ ‘ಮಯೊರ್ದೋಮೊ’ ಯಾರಿಗೆ ಯಾವಾಗ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುತ್ತಾನೆ. ನಮ್ಮ ಕೆರೆಗಳ ನೀರುಗಂಟಿಯ ಕೆಲಸವೇ ಅವನದು.

ವಸಂತದಲ್ಲಿ ನೀರು ಬಿಡುವ ಮೊದಲು ಎಲ್ಲರೂ ಸಲಿಕೆ ಹಿಡಿದು ಹೂಳು ತೆಗೆಯಬೇಕು, ಅಥವಾ ತಮ್ಮ ಪರವಾಗಿ ಆಳು ಕಳಿಸಬೇಕು. ಬರಗಾಲದಲ್ಲಿ ಕೊರತೆಯನ್ನೂ ಹಂಚಿಕೊಳ್ಳುವುದು ರೂಢಿ. ನ್ಯೂ ಮೆಕ್ಸಿಕೊದ ಕಾನೂನು ಈ ಕೂಟಗಳನ್ನು ಸ್ಥಳೀಯ ಆಡಳಿತ ಸಂಸ್ಥೆಗಳೆಂದು ಮಾನ್ಯ ಮಾಡಿದೆ, ಇಂದಿಗೂ ನೂರಾರು ಕೆಲಸ ಮಾಡುತ್ತಿವೆ. ನೀರಿನ ಹಕ್ಕನ್ನು ಭೂಮಿಯಿಂದ ಬಿಡಿಸಿ ನಗರಗಳಿಗೆ ಮಾರುವ ಒತ್ತಡ ಅವುಗಳ ಮೇಲಿದೆ. ಒಬ್ಬ ಪಾರ್ಸಿಯಾಂತೆ ಹಕ್ಕು ಮಾರಿದರೆ ಹೂಳೆತ್ತುವ ಕೈಯೂ ಕಡಿಮೆಯಾಗುತ್ತದೆ, ಉಳಿದವರ ಹೊರೆ ಹೆಚ್ಚುತ್ತದೆ. ಈ ಪುಟದ ಪದಗಳಲ್ಲಿ ಒಂದನ್ನು ಮಾತ್ರ ನೆನಪಿಡುತ್ತೇನೆ ಎನ್ನುವವರಿಗೆ ನಾನು ಅಸೇಕಿಯಾವನ್ನೇ ಕೊಡುತ್ತೇನೆ.

ಅಲ್ಲಿನ ಗಿಡಮರಗಳ ಹೆಸರು?

ಬೆಟ್ಟದ ತಪ್ಪಲಿನಲ್ಲಿ ಕಾಣುವ ಗಿಡ್ಡ ದುಂಡು ಮರಗಳಲ್ಲಿ ಎರಡು ಬಗೆ. ಪಿನ್ಯೋನ್ ರಾಜ್ಯದ ಮರ. ಅದರ ಬೀಜ ತಿನ್ನಲು ರುಚಿ, ಕಟ್ಟಿಗೆಯ ಹೊಗೆ ಪರಿಮಳ. ಇನ್ನೊಂದು ಜೂನಿಪರ್, ಊರವರ ಬಾಯಲ್ಲಿ ಸೀಡರ್. ಶರತ್ಕಾಲದಲ್ಲಿ ಹಳದಿ ಹೂ ಬಿಡುವ ಪೊದೆ ಚಮೀಸಾ. ಮುಳ್ಳಿನ ಕಳ್ಳಿ ಚೋಯಾ. ಜೂನಿಪರ್ ಗಳುಗಳನ್ನು ಸಿಪ್ಪೆ ಸಮೇತ ನೆಟ್ಟು ತಂತಿಯಿಂದ ಬಿಗಿದರೆ ‘ಕೊಯೋಟಿ ಬೇಲಿ’. ತೋಳದ ಜಾತಿಯ ಕೊಯೋಟಿಗಳಿಂದ ಕುರಿ ಕೋಳಿಗಳನ್ನು ಕಾಪಾಡಲು ಹುಟ್ಟಿದ ಬೇಲಿ ಈಗ ಶ್ರೀಮಂತರ ಬಂಗಲೆಗಳ ಸುತ್ತಲೂ ನಿಂತಿದೆ.

ಕ್ರಿಸ್‌ಮಸ್ ದೀಪಗಳಿಗೆ ಫಾರೊಲೀಟೊ ಎನ್ನಬೇಕೋ, ಲುಮಿನಾರಿಯಾ ಎನ್ನಬೇಕೋ?

ಕಾಗದದ ಚೀಲದಲ್ಲಿ ಮರಳು ತುಂಬಿ ಮೇಣದಬತ್ತಿ ಹಚ್ಚಿ ಮಾಳಿಗೆಯ ಅಂಚಿನಲ್ಲಿ ಸಾಲಾಗಿ ಇಡುವ ದೀಪಕ್ಕೆ ಸಾಂಟಾ ಫೆಯಲ್ಲಿ ಫಾರೊಲೀಟೊ ಎನ್ನುತ್ತಾರೆ. ಅವರಿಗೆ ಲುಮಿನಾರಿಯಾ ಎಂದರೆ ಕಟ್ಟಿಗೆ ಪೇರಿಸಿ ಹಚ್ಚುವ ಬೆಂಕಿ. ಆಲ್ಬುಕರ್ಕಿಯಲ್ಲಿ ಚೀಲದ ದೀಪವೇ ಲುಮಿನಾರಿಯಾ. ಎರಡೂ ಊರಿನವರು ತಮ್ಮದೇ ಸರಿ ಎಂದು ಪಟ್ಟು ಹಿಡಿಯುತ್ತಾರೆ. ನೀವು ಯಾವ ಊರಿನಲ್ಲಿದ್ದೀರೋ ಆ ಊರಿನ ಮಾತು ಆಡಿ.

ಪ್ವೆಬ್ಲೊಗಳಿಗೆ ಹೋಗುವಾಗ ತಿಳಿದಿರಬೇಕಾದದ್ದೇನು?

ಅವು ಜನ ಬಾಳುತ್ತಿರುವ ಮನೆಗಳು. ಮೊದಲೇ ವಿಚಾರಿಸಿ ಹೋಗಿ. ಟಾವೊಸ್ ಪ್ವೆಬ್ಲೊ ಚಳಿಗಾಲದ ಕೊನೆಯಲ್ಲಿ ಸಾಮಾನ್ಯವಾಗಿ ಹಲವು ವಾರ ಹೊರಗಿನವರಿಗೆ ಮುಚ್ಚಿರುತ್ತದೆ. ಫೋಟೊ ತೆಗೆಯುವ ನಿಯಮ ಒಂದೊಂದು ಪ್ವೆಬ್ಲೊದಲ್ಲಿ ಒಂದೊಂದು ಬಗೆ, ಹಬ್ಬದ ಕುಣಿತಗಳ ದಿನ ಕ್ಯಾಮೆರಾ ಮತ್ತು ಮೊಬೈಲ್ ಹೊರತೆಗೆಯಲೇಬೇಡಿ. ಕುಣಿತ ಮುಗಿದಾಗ ಚಪ್ಪಾಳೆ ತಟ್ಟಬಾರದು, ಅದು ಪ್ರಾರ್ಥನೆ. ಏಣಿ ಹತ್ತಬೇಡಿ, ಮಣ್ಣಿನ ಗೋಡೆಗೆ ಒರಗಬೇಡಿ, ಕೀವಾದ ಹತ್ತಿರ ಹೋಗಬೇಡಿ. ಒರ್ನೊದಿಂದ ತೆಗೆದ ರೊಟ್ಟಿ ಮಾರುತ್ತಿದ್ದರೆ ಕೊಂಡುಕೊಳ್ಳಿ, ಬಿಸಿಯಿರುವಾಗಲೇ ತಿನ್ನಿ.